ಪೆನಿನಾ ದೊಡ್ಡಮ್ಮ ನೀರಿಗಿಳಿಯಲಿಲ್ಲ

ಪೆನಿನಾ ನಮ್ಮ ದೊಡ್ಡಪ್ಪ ಎರಿಯಾನ ಹೆಂಡತಿ. ಎಪ್ಪತ್ತೊಂದು ವರ್ಷ ಬದುಕಿದಳು. ಅಷ್ಟು ವರ್ಷದಲ್ಲಿ ಒಂದು ಶುಕ್ರವಾರವೂ ಸೂರ್ಯ ಮುಳುಗಿ ನಮ್ಮ ಶನಿವಾರದ ವಿಶ್ರಾಂತಿದಿನ ಹಿಡಿದ ಮೇಲೆ ಒಲೆ ಹೊತ್ತಿಸಿದವಳಲ್ಲ. ನಮ್ಮ ನಮಕೋಲಿ ಗುಡ್ಡದ ಯೆಹೂದಿ ಮನೆಗಳಲ್ಲಿ ಎದೆ ಮುಟ್ಟಿಕೊಂಡು ಈ ಮಾತು ಹೇಳಬಲ್ಲ ಇನ್ನೊಬ್ಬರಿಲ್ಲ. ನಾನಂತೂ ಅಲ್ಲ. ಆದರೂ ಪ್ರಾರ್ಥನಾಮಂದಿರದ ಪಟ್ಟಿಯಲ್ಲಿ ನನ್ನ ಹೆಸರಿದೆ, ಅವಳದಿಲ್ಲ. ಅದು ಹೇಗಾಯಿತೆಂದು ನಾನೇ ಹೇಳಬೇಕು. ಯಾಕೆಂದರೆ ಅದರಲ್ಲಿ ನನ್ನ ಕೈಯೂ ಇದೆ.

ನಮ್ಮನ್ನು ಯಾರೂ ಬಂದು ಯೆಹೂದಿಗಳನ್ನಾಗಿ ಮಾಡಿದ್ದಲ್ಲ. ಇಂಗ್ಲಿಷರ ಕಾಲದಲ್ಲಿ ನಮ್ಮ ಅಜ್ಜಂದಿರು ಬೈಬಲ್ಲಿನ ಮೊದಲ ಐದು ಪುಸ್ತಕ ಓದಿ, ಇದರಲ್ಲಿ ಬರೆದಿರುವುದು ನಿಜವಾದರೆ ಹಾಗೇ ನಡೆಯಬೇಕಲ್ಲವೇ ಎಂದು ಸುನ್ನತಿ ಮಾಡಿಸಿಕೊಂಡರು, ಶನಿವಾರ ಗುದ್ದಲಿ ಮುಟ್ಟುವುದನ್ನು ಬಿಟ್ಟರು. ಪೆನಿನಾ ಹುಟ್ಟಿದ್ದು ಅಂಥ ಒಂದು ಮನೆಯಲ್ಲಿ. ಎತ್ತರದ ಹೆಂಗಸು, ಗಡುಸು ನಾಲಿಗೆ. ಅವಳಿಂದ ಒಮ್ಮೆ ಪಾತ್ರೆ ಎರವಲು ತಂದವರು ಇನ್ನೊಮ್ಮೆ ಹೋಗುತ್ತಿರಲಿಲ್ಲ. ಮಂದಿರದಲ್ಲಿ ಕೀರ್ತನೆ ಹಾಡುವಾಗ ಅವಳ ದನಿ ಎಲ್ಲರಿಗಿಂತ ಮುಂದೆ ಓಡುತ್ತಿತ್ತು, ರಾಗ ಹಿಂದೆ ಉಳಿಯುತ್ತಿತ್ತು. ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ಸೈನಿಕನೊಬ್ಬ ಅಧಿಕಾರ ಕಿತ್ತುಕೊಂಡು ದೇಶದ ಅಧ್ಯಕ್ಷನಾದ ಮೇಲೆ ನಗು ನಿಂತಿತು. ಯೆಹೂದಿ ಧರ್ಮ ಈ ದೇಶದಲ್ಲಿ ಇರಕೂಡದು ಎಂದು ಆಜ್ಞೆಯಾಯಿತು. ಹೋಬಳಿಯ ಮುಖ್ಯಸ್ಥ ಆಳುಗಳನ್ನು ಕಳಿಸಿ ಮಂದಿರಕ್ಕೆ ಬೀಗ ಹಾಕಿಸಿದ, ಚಾವಣಿಯ ತಗಡು ಕೀಳಿಸಿಕೊಂಡು ಹೋದ, ಪುಸ್ತಕಗಳನ್ನು ಒಪ್ಪಿಸಿ ಎಂದ. ಗುಡ್ಡದಲ್ಲಿ ಕೈಬರಹದ ಪ್ರಾರ್ಥನೆಪುಸ್ತಕ ಇದ್ದದ್ದು ಒಂದೇ. ಪೆನಿನಾ ಅದನ್ನು ಮೇಕೆಚರ್ಮದಲ್ಲಿ ಸುತ್ತಿ, ಹೆಂಡಕ್ಕೆ ಬಾಳೆಕಾಯಿ ಹಣ್ಣಾಗಿಸುವ ಗುಂಡಿಯ ತಳದಲ್ಲಿಟ್ಟು, ಮೇಲೆ ಬಾಳೆಎಲೆ, ಅದರ ಮೇಲೆ ಗೊನೆ, ಅದರ ಮೇಲೆ ಮಣ್ಣು ಹಾಕಿದಳು. ಆಳುಗಳು ಬಂದು ಅದೇ ಗುಂಡಿಯ ಪಕ್ಕ ಕೂತು ಅವಳು ಮಾಡಿದ ಹೆಂಡ ಕುಡಿದು ಎದ್ದು ಹೋದರು.

ಮುಂದಿನ ಎಲೆಚಪ್ಪರದ ಹಬ್ಬಕ್ಕೆ ದೊಡ್ಡಪ್ಪ ಎರಿಯಾ ಮತ್ತು ನಮ್ಮಪ್ಪ ಕಾಫಿ ಗಿಡಗಳ ಮಧ್ಯೆ, ದಾರಿಗೆ ಕಾಣದಂತೆ ಒಂದು ಚಪ್ಪರ ಕಟ್ಟಿದರು. ಯಾರೋ ಕಂಡು ಹೇಳಿದರು. ಇಬ್ಬರನ್ನೂ ಹೋಬಳಿ ಕಚೇರಿಗೆ ಎಳೆದೊಯ್ದು ಐದು ದಿನ ಹೊಡೆದರು. ವಾಪಸು ಬಂದ ಇಬ್ಬರೂ ಮುಂದಿನ ಭಾನುವಾರ ಚರ್ಚಿಗೆ ಹೋದರು. ನಮ್ಮಪ್ಪ ನಮ್ಮನ್ನೆಲ್ಲ ಕರೆದುಕೊಂಡೇ ಹೋದ. ನನ್ನ ಹೆಸರು ಎನೋಸಿ ಇದ್ದದ್ದು ಪ್ಯಾಟ್ರಿಕ್ ಆಯಿತು. ಗುಡ್ಡದ ಮುಕ್ಕಾಲು ಪಾಲು ಜನ ಹಾಗೆಯೇ ಚರ್ಚಿಗೋ ಮಸೀದಿಗೋ ಇಳಿದುಹೋದರು. ಅವರನ್ನು ನಾನು ದೂರುವುದಿಲ್ಲ.

ಪೆನಿನಾ ಹೋಗಲಿಲ್ಲ. ಎರಿಯಾ ತಂದ, ನಮ್ಮ ವಿಧಿಯಂತೆ ಕೊಯ್ಯದ ಮಾಂಸವನ್ನು ಮುಟ್ಟಲಿಲ್ಲ. ಒಂದೇ ಸೂರಿನಡಿ ಎರಡು ಒಲೆ ಹೂಡಿದಳು. ಶನಿವಾರ ಅವನಿಗೆ ತಣ್ಣಗಿನ ಬಾಳೆಕಾಯಿ, ತಣ್ಣಗಿನ ಶೇಂಗಾಸಾರು. ಒಂದು ದಿನ ಅವನು ಅಂಗಿ ಬಿಚ್ಚಿ ಅವಳ ಕಡೆ ಬೆನ್ನು ತಿರುಗಿಸಿ ಕೇಳಿದನಂತೆ, “ನಿನ್ನ ದೇವರು ಇದನ್ನ ನೋಡಿದ್ನಾ?”

“ನೋಡಿರ್ತಾನೆ. ಆಮೇಲೆ ನೀನು ಎಲ್ಲಿಗೆ ಹೋದೆ ಅನ್ನೋದನ್ನೂ ನೋಡಿರ್ತಾನೆ” ಎಂದಳಂತೆ ಪೆನಿನಾ. ಇದನ್ನು ನನಗೆ ಹೇಳಿದ್ದು ನಮ್ಮಪ್ಪ. ಅವಳ ಆ ಮಾತನ್ನು ಅಪ್ಪ ಕೊನೆಯವರೆಗೂ ಕ್ಷಮಿಸಲಿಲ್ಲ.

ಆ ಕಾಲದಲ್ಲೇ ಅವಳಿಗೆ ಗಂಡುಮಗು ಹುಟ್ಟಿತು. ಅದಕ್ಕೆ ಮೊದಲು ತಿರ್ಸಾ ಎಂಬ ಮಗಳೊಬ್ಬಳಿದ್ದಳು. ಗಂಡುಮಗುವಿಗೆ ಎಂಟನೇ ದಿನ ಸುನ್ನತಿಯಾಗಬೇಕು. ಎರಿಯಾ ಆಗದು ಎಂದ. ಸುನ್ನತಿ ಮಾಡುತ್ತಿದ್ದ ಮುದುಕ ಆಚೆ ಗುಡ್ಡದಲ್ಲಿದ್ದ, ಅರ್ಧ ದಿನದ ನಡಿಗೆ. ಹೆತ್ತು ವಾರವಾಗಿದ್ದ ಹೆಂಗಸು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟಳು. ದಾರಿಯಲ್ಲಿ ಕೇಳಿದವರಿಗೆ ಸಂತೆಗೆ ಎಂದಳು. ಮುದುಕ ಹೆದರಿ ತನ್ನ ಚೂರಿಯನ್ನು ಎಂದೋ ಹೊಳೆಗೆ ಎಸೆದಿದ್ದ. ಮನೆಯಲ್ಲಿ ಒಂದು ಹಳೆಯ ಕ್ಷೌರದ ಬ್ಲೇಡು ಸಿಕ್ಕಿತು. ಅದರಲ್ಲೇ ಮಾಡಿದ. ಹಾಡಿಲ್ಲ, ಊಟವಿಲ್ಲ, ಹೆಸರನ್ನು ಕಿವಿಯಲ್ಲಿ ಪಿಸುಗುಟ್ಟಿ ಇಟ್ಟರು. ಎಲಿಯಾಬು.

ವಾರ ಕಳೆಯುವುದರೊಳಗೆ ಮಗುವಿನ ದವಡೆ ಕಚ್ಚಿಕೊಂಡಿತು. ಮೊಲೆ ಹಿಡಿಯದು. ಮೈ ಬಿಲ್ಲಿನಂತೆ ಬಾಗುತ್ತಿತ್ತು. ಆಸ್ಪತ್ರೆಗೆ ಒಯ್ದರೆ ಗಾಯ ಕಾಣುತ್ತದೆ, ಗಾಯ ಕಂಡರೆ ಮುದುಕ ಸಿಕ್ಕಿಬೀಳುತ್ತಾನೆ. ಎರಡು ದಿನ ತಡೆದು ಮೂರನೇ ದಿನ ಒಯ್ದಳು. ಅಲ್ಲಿಗೆ ಮುಟ್ಟುವ ಹೊತ್ತಿಗೆ ಮಗು ಹೋಗಿತ್ತು. ಹದಿನೇಳು ದಿನದ ಮಗುವನ್ನು ಕಾಫಿ ತೋಟದ ಮೂಲೆಯಲ್ಲಿ ಅವಳೇ ಗುಂಡಿ ತೋಡಿ ಮಣ್ಣು ಮಾಡಿದಳು. ಎರಿಯಾ ಗುದ್ದಲಿ ಮುಟ್ಟಲಿಲ್ಲ. ಅಂದಿನಿಂದ ಸಾಯುವ ತನಕ ಹೆಂಡತಿಯೊಂದಿಗೆ ಮಾತನ್ನೂ ಆಡಲಿಲ್ಲ. ಅವನು ಚರ್ಚಿನ ಮಣ್ಣಿಗೆ ಸೇರಿದ.

ಆ ಸೈನಿಕ ಅಧ್ಯಕ್ಷ ದೇಶ ಬಿಟ್ಟು ಓಡಿಹೋದ ಮೇಲೆ ಗುಡ್ಡದ ಜನ ಒಬ್ಬೊಬ್ಬರಾಗಿ ಹಿಂದಿರುಗಿದರು. ನಾನೂ ಹಿಂದಿರುಗಿದೆ. ನಮಗೆ ಪ್ರಾರ್ಥನೆ ಮರೆತುಹೋಗಿತ್ತು. ಪೆನಿನಾ ಗುಂಡಿ ಅಗೆದು ಪುಸ್ತಕ ತೆಗೆದಳು. ಹುಳ ಅಂಚು ತಿಂದಿತ್ತು, ಅಕ್ಷರ ಉಳಿದಿತ್ತು. ತಿಂದುಹೋದ ಕಡೆ ಅವಳು ಬಾಯಲ್ಲಿ ಹೇಳುತ್ತಿದ್ದಳು, ನಾವು ಬರೆದುಕೊಳ್ಳುತ್ತಿದ್ದೆವು. ತಪ್ಪು ಬರೆದರೆ, “ಯೇಸು ಹತ್ರ ಇಷ್ಟು ವರ್ಷ ಇದನ್ನೇ ಕಲಿತ್ಯಾ ಪ್ಯಾಟ್ರಿಕ್ಕು?” ಎನ್ನುತ್ತಿದ್ದಳು. ಹೊಸ ಮಂದಿರ ಎದ್ದಿತು. ಶುಕ್ರವಾರದ ಆಶೀರ್ವಾದಕ್ಕೆ ದ್ರಾಕ್ಷಾರಸ ಅವಳ ಮನೆಯಿಂದ ಬರುತ್ತಿತ್ತು. ಪೇಟೆಯಿಂದ ಒಣದ್ರಾಕ್ಷಿ ತರಿಸಿ, ಕುದಿಸಿ, ಸೋಸಿ, ಗಾಜಿನ ಭರಣಿಯಲ್ಲಿ ತುಂಬಿ ಕಳಿಸುತ್ತಿದ್ದಳು. ಆ ಇಪ್ಪತ್ತು ವರ್ಷ ಅವಳಿಗೂ ನಮಗೂ ಒಳ್ಳೆಯ ಕಾಲ.

ಆಮೇಲೆ ಹೊರದೇಶದಿಂದ ಪತ್ರ ಬಂತು. ನಮ್ಮನ್ನು ಲೋಕದ ಯೆಹೂದಿಗಳು ಒಪ್ಪಬೇಕಾದರೆ ಮೂವರು ರಬ್ಬಿಗಳ, ಅಂದರೆ ಧರ್ಮಗುರುಗಳ ಮುಂದೆ ನಿಂತು ಉತ್ತರ ಹೇಳಿ, ಹೊಳೆಯಲ್ಲಿ ಮೂರು ಸಲ ಮುಳುಗಿ ಏಳಬೇಕು. ಗಂಡಸರಾದರೆ ಸುನ್ನತಿಯಾದ ಜಾಗದಿಂದ ಒಂದು ಹನಿ ರಕ್ತವನ್ನೂ ಕೊಡಬೇಕು. ಅಷ್ಟಾದರೆ ಪ್ರಮಾಣಪತ್ರ. ಮಕ್ಕಳು ಜೆರೂಸಲೇಮಿಗೆ ಹೋಗಿ ಓದಬಹುದು. ಗುಡ್ಡವೆಲ್ಲ ಕುಣಿಯಿತು. ರಬ್ಬಿಗಳು ಬಂದರು. ಒಳ್ಳೆಯ ಜನ, ಬಂದವರೇ ಚಪ್ಪಲಿ ಬಿಟ್ಟು ನಮ್ಮ ಹಾಗೆಯೇ ಮಂದಿರದೊಳಗೆ ನಡೆದರು. ನಾನು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವನು, ಹೀಗಾಗಿ ದುಭಾಷಿಯ ಕೆಲಸ ನನ್ನ ಪಾಲಿಗೆ ಬಂತು.

ಎರಡನೇ ದಿನ ಪೆನಿನಾಳ ಸರದಿ. ತಿರ್ಸಾ ಅವಳನ್ನು ಕೈಹಿಡಿದು ಕರೆತಂದು ಪಕ್ಕದ ಬೆಂಚಿನಲ್ಲಿ ಕೂತಳು. ಬಿಳಿಗಡ್ಡದ ಹಿರಿಯ ರಬ್ಬಿ ಎಲ್ಲರಿಗೂ ಕೇಳಿದ್ದನ್ನೇ ಕೇಳಿದರು: ಯೆಹೂದಿ ಆಗಬೇಕೆಂದು ಯಾಕೆ ಬಯಸುತ್ತೀರಿ? ನಾನು ನಮ್ಮ ಮಾತಿಗೆ ತಿರುಗಿಸಿದೆ.

“ಆಗೋದಾ?” ಎಂದಳು. ನನ್ನ ಕಡೆ ತಿರುಗಿದಳು. “ಅವರಿಗೆ ಹೇಳು ಎನೋಸಿ. ಎಂಟನೇ ದಿನ ಮಗೂನ ಬೆನ್ನಿಗೆ ಕಟ್ಕೊಂಡು ಹೋದೋಳು ನಾನು. ಹದಿನೇಳನೇ ದಿನ ಮಣ್ಣು ಮಾಡ್ದೋಳೂ ನಾನೇ. ಅವತ್ತು ನಾನು ಯೆಹೂದಿ ಆಗಿರ್ಲಿಲ್ಲ ಅಂದ್ರೆ, ನನ್ನ ಮಗು ಯಾತಕ್ಕೆ ಸತ್ತಿತು? ಅದಕ್ಕೆ ಉತ್ತರ ಕೊಡ್ಲಿ. ಕೊಟ್ರೆ ನೀರಿಗಿಳೀತೀನಿ.”

ಹೊರಗೆ ಎಂಬತ್ತು ಜನ ಕಾಯುತ್ತಿದ್ದರು. ಈ ಮಾತು ಕೇಳಿದರೆ ರಬ್ಬಿಗಳು ನಮ್ಮನ್ನೆಲ್ಲ ಮೊಂಡರೆಂದುಕೊಂಡು ಎದ್ದು ಹೋದಾರೆಂಬ ಹೆದರಿಕೆ ನನಗೆ. ಇನ್ನೂ ಒಂದಿತ್ತು: ಆ ಮಗು ಸತ್ತ ತಿಂಗಳು ನಾನು ಕೊರಳಲ್ಲಿ ಶಿಲುಬೆ ಹಾಕಿಕೊಂಡು ಓಡಾಡಿದ್ದೆ. ನಾನು ರಬ್ಬಿಗಳ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಇವಳಿಗೆ ವಯಸ್ಸಾಗಿದೆ, ನೀರೆಂದರೆ ಭಯವಂತೆ ಎಂದೆ.

ಮೂವರೂ ನಕ್ಕರು. ಪ್ರೀತಿಯ ನಗೆಯೇ. ಅವಸರವಿಲ್ಲ, ಧೈರ್ಯ ಬಂದಾಗ ಬರಲಿ, ಮುಂದಿನ ಸಲ ಬೆಚ್ಚಗಿನ ನೀರು ಸಿದ್ಧಪಡಿಸೋಣ ಎಂದು ಹಿರಿಯರು ಹೇಳಿದರು.

ಪೆನಿನಾ ಅವರ ಮುಖಗಳನ್ನು ನೋಡಿದಳು. “ನನ್ನ ಮಗು ಸತ್ತಿದ್ದಕ್ಕೆ ನಗ್ತಾರಾ ಇವರು?”

“ಇಲ್ಲ ದೊಡ್ಡಮ್ಮ, ಅವರ ಕಡೆ ಮರುಕ ಆದ್ರೆ ಹಾಗೇ” ಎಂದೆ.

ತಿರ್ಸಾ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಅವಳಿಗೆ ಇಂಗ್ಲಿಷ್ ತಿಳಿಯುತ್ತದೆಂಬುದು ನನಗೆ ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ. ಬೆಳಗಾಗುವಷ್ಟರಲ್ಲಿ ಪೆನಿನಾ ನನ್ನ ಬಾಗಿಲಿಗೆ ಬಂದು ನಿಂತಿದ್ದಳು. ನನ್ನ ಹೆಂಡತಿ ಕೂರಲು ಮಣೆ ಕೊಟ್ಟಳು. ಕೂರಲಿಲ್ಲ.

“ನನಗೆ ನೀರಿನ ಭಯ ಅಂದ್ಯಂತೆ.”

ನಾನು ಏನೋ ಹೇಳಹೊರಟೆ.

“ನಿಮ್ಮಪ್ಪನ ಬೆನ್ನು ಮುರಿದಿದ್ರು, ಅದಕ್ಕೇ ಬಗ್ಗಿದ. ನಿನ್ನನ್ನ ಯಾರು ಮುಟ್ಟಿದ್ರೋ?”

ಅದೇ ನನ್ನೊಡನೆ ಅವಳಾಡಿದ ಕೊನೆಯ ಮಾತು. ರಬ್ಬಿಗಳು ಇನ್ನೂ ಮೂರು ದಿನ ಅಲ್ಲೇ ಇದ್ದರು. ಹೋಗಿ ನಿಜ ಹೇಳಬಹುದಿತ್ತು. ಹೇಳಿದ್ದರೆ ಆ ಬಿಳಿಗಡ್ಡದವರು ಅವಳ ಕಾಲ ಬಳಿ ಕೂರುತ್ತಿದ್ದರೋ ಏನೋ. ನಾನು ಹೋಗಲಿಲ್ಲ. ಮೂರನೇ ದಿನ ಹೊಳೆಯಲ್ಲಿ ಮುಳುಗಿ ಎದ್ದು ಪ್ರಮಾಣಪತ್ರ ತೆಗೆದುಕೊಂಡೆ.

ಮೊದಮೊದಲು ಏನೂ ಬದಲಾಗಲಿಲ್ಲ. ನಾಲ್ಕು ವರ್ಷದ ಮೇಲೆ ನಮ್ಮ ಗುಡ್ಡದ ಅಶೇರಿ ಜೆರೂಸಲೇಮಿನಲ್ಲಿ ಓದಿ ಬಂದ. ಬುದ್ಧಿವಂತ ಹುಡುಗ, ಧರ್ಮದ ಕಾನೂನು ಅವನ ನಾಲಿಗೆಯ ತುದಿಯಲ್ಲಿ. ಯೆಹೂದಿಯಲ್ಲದವರು, ಅಂದರೆ ಪ್ರಮಾಣಪತ್ರವಿಲ್ಲದವರು, ಮಾಡಿದ ದ್ರಾಕ್ಷಾರಸದ ಮೇಲೆ ಆಶೀರ್ವಾದ ಹೇಳಕೂಡದು ಎಂದ. ಮಂದಿರದ ಸಮಿತಿ ಒಪ್ಪಿ ತಲೆಯಾಡಿಸಿತು. ಆ ಸಮಿತಿಯಲ್ಲಿ ನಾನೂ ಇದ್ದೆ. ಶುಕ್ರವಾರ ಬಂದ ಭರಣಿಯನ್ನು ಅಶೇರಿಯೇ ಹಿಂದಕ್ಕೆ ಒಯ್ದ. ಕಟುವಾಗಿ ಮಾತಾಡಲಿಲ್ಲ ಅವನು. “ಕಾನೂನು ಅಜ್ಜಿ, ನಾನು ಮಾಡಿದ್ದಲ್ಲ” ಎಂದನಂತೆ.

“ನಿಮ್ಮಪ್ಪ ಚರ್ಚಲ್ಲಿ ಡೋಲು ಬಡೀತಿದ್ದ ಕಾಲದಲ್ಲಿ ಈ ಮನೇಲಿ ಪ್ರತಿ ಶುಕ್ರವಾರ ಆಶೀರ್ವಾದ ಆಗಿದೆ. ಆವಾಗ ನಿನ್ನ ಕಾನೂನು ಎಲ್ಲಿ ಮಲಗಿತ್ತು?” ಎಂದು ಕೇಳಿದಳಂತೆ. ಆಮೇಲೆ ಭರಣಿಯನ್ನು ಅವನ ಮುಂದೆಯೇ ಬಾಳೆಬುಡಕ್ಕೆ ಸುರಿದಳಂತೆ.

ಅವಳು ಮಂದಿರಕ್ಕೆ ಬರುವುದನ್ನು ನಿಲ್ಲಿಸಿದಳು. ಶನಿವಾರ ಬೆಳಗ್ಗೆ ಅವಳ ಮನೆಯ ಮುಂದೆ ಹಾದುಹೋದರೆ ಒಳಗಿನಿಂದ ಆ ಅಪಸ್ವರ ಕೇಳುತ್ತಿತ್ತು. ಪ್ರವಾಸಿಗಳು ಬರತೊಡಗಿದ್ದರು. ಅವರಿಗೆ ತೋರಿಸಲು ಹುಳ ತಿಂದ ಪ್ರಾರ್ಥನೆಪುಸ್ತಕವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟೆವು. ‘ನಿಷೇಧದ ದಿನಗಳಲ್ಲಿ ಸಮುದಾಯದ ಹಿರಿಯರು ಕಾಪಾಡಿದ್ದು’ ಎಂಬ ಚೀಟಿಯನ್ನು ಬರೆದವನು ನಾನು. ಹೆಸರು ಹಾಕಿದರೆ ಅವಳೆಲ್ಲಿ ಎಂದು ಕೇಳುತ್ತಾರಲ್ಲ.

ಅವಳು ಸತ್ತದ್ದು ಒಂದು ಮಂಗಳವಾರ ಮಧ್ಯಾಹ್ನ, ರಾಗಿ ಕೇರುತ್ತಾ. ನಮ್ಮಲ್ಲಿ ಹೆಣವನ್ನು ಇಟ್ಟುಕೊಳ್ಳುವುದಿಲ್ಲ, ತಡಮಾಡದೆ ಮಣ್ಣು ಮಾಡುತ್ತೇವೆ. ಆದರೆ ಸಮಿತಿ ಮೂರು ತಾಸು ಕೂತಿತು. ಅಶೇರಿ ಹೊರದೇಶಕ್ಕೆ ಫೋನು ಮಾಡಿದ. ಕೊನೆಗೆ ಒಂದು ತೀರ್ಮಾನ ಬಂತು: ನಮ್ಮ ಸ್ಮಶಾನದಲ್ಲೇ ಆಗಲಿ, ಆದರೆ ಬೇಲಿಯಂಚಿಗೆ, ಉಳಿದ ಗೋರಿಗಳಿಂದ ನಾಲ್ಕು ಮೊಳ ಬಿಟ್ಟು. ಅದನ್ನು ತಿರ್ಸಾಗೆ ತಿಳಿಸಲು ನನ್ನನ್ನೇ ಕಳಿಸಿದರು. ಅಷ್ಟರಲ್ಲಿ ಎರಿಯಾನ ಕಡೆಯ ಕ್ರೈಸ್ತ ಬಂಧುಗಳು ಬಂದು, ಚರ್ಚಿನ ಮಣ್ಣಿನಲ್ಲಿ ಗಂಡನ ಪಕ್ಕ ಜಾಗ ಕೊಡುತ್ತೇವೆ, ಒಂದು ಶಿಲುಬೆ ನೆಟ್ಟರಾಯಿತು ಎಂದು ಹೇಳುತ್ತಿದ್ದರು.

ತಿರ್ಸಾ ಇಬ್ಬರ ಮಾತನ್ನೂ ಕೇಳಿಸಿಕೊಂಡಳು. ಎದ್ದು ಗುದ್ದಲಿ ತೆಗೆದುಕೊಂಡು ಕಾಫಿ ತೋಟಕ್ಕೆ ನಡೆದಳು. ಎಲಿಯಾಬುವಿನ ಮಗ್ಗುಲಲ್ಲೇ ಗುಂಡಿ ತೋಡಿದಳು.

ಮಣ್ಣಿಗೆ ಹೋದ ಗಂಡಸರು ನನ್ನನ್ನೂ ಸೇರಿ ಆರು ಜನ. ಸತ್ತವರಿಗಾಗಿ ಹೇಳುವ ಪ್ರಾರ್ಥನೆಗೆ ಹತ್ತು ಜನ ಗಂಡಸರಿರಬೇಕು. ಮಣ್ಣು ಮುಚ್ಚಿದ ಮೇಲೆ ತಿರ್ಸಾ ನನ್ನ ಮುಂದೆ ಬಂದು ನಿಂತಳು.

“ಹೇಳಣ್ಣ.”

“ಹತ್ತು ಜನ ಇಲ್ಲ ತಿರ್ಸಾ.”

“ನಿನಗೆ ಬಾಯಿಪಾಠ ಮಾಡ್ಸಿದ್ದು ಯಾರು?”

ನಾನು ಪ್ರಾರ್ಥನೆ ಹೇಳಲಿಲ್ಲ. ಉಳಿದ ಐವರೂ ನೆಲ ನೋಡುತ್ತಿದ್ದರು. ತಿರ್ಸಾ ಗುದ್ದಲಿಗೆ ಅಂಟಿದ್ದ ಮಣ್ಣನ್ನು ಕಾಲಿನಿಂದ ಕೆರೆದು, ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ತಿರ್ಸಾಳ ಹತ್ತಿರ ಪ್ರಮಾಣಪತ್ರ ಇದೆ. ಅವಳು ಅಮ್ಮನ ಸರದಿ ಬರುವ ಮೊದಲೇ, ಮೊದಲನೇ ದಿನವೇ ನೀರಿಗಿಳಿದಿದ್ದಳು. ಆದರೆ ಈಗ ಮಂದಿರಕ್ಕೂ ಬರುವುದಿಲ್ಲ, ಚರ್ಚಿಗೂ ಹೋಗುವುದಿಲ್ಲ. ಶನಿವಾರದ ಸಂತೆಯಲ್ಲಿ ಈರುಳ್ಳಿ, ಟೊಮೇಟೊ ಹಾಕಿಕೊಂಡು ಕೂರುತ್ತಾಳೆ. ಪ್ರಾರ್ಥನೆಗೆ ಹೋಗುವ ದಾರಿ ಅಲ್ಲೇ ಹಾಯುತ್ತದೆ. ಬಿಳಿ ಬಟ್ಟೆ ಉಟ್ಟು ಹೊರಟ ನಮ್ಮನ್ನು ಕಂಡರೆ ಅವಳು ತಲೆ ತಗ್ಗಿಸುವುದಿಲ್ಲ, ಮುಖ ತಿರುಗಿಸುವುದೂ ಇಲ್ಲ. ಗಿರಾಕಿಗಳನ್ನು ಕೂಗುವ ದನಿಯಲ್ಲೇ, ಆ ದಿನ ದುಡ್ಡು ಮುಟ್ಟಕೂಡದ ನಮ್ಮನ್ನೂ ಕೂಗುತ್ತಾಳೆ, ಗುಡ್ಡೆಗೆ ಇಷ್ಟು, ತಗೊಂಡು ಹೋಗಿ ಎಂದು.