ಮೂಲೆಯ ತಟ್ಟೆ

ಅಕ್ಕನ ಹಿಮ್ಮಡಿಗಳು ಯಾವಾಗಲೂ ಬೆಳ್ಳಗಿರುತ್ತಿದ್ದವು. ಬಿರುಕು ಬಿಟ್ಟ ಹಿಮ್ಮಡಿಯೊಳಗೆ ಸುಣ್ಣದ ಪುಡಿ ಸೇರಿಕೊಂಡು, ಎಷ್ಟು ಉಜ್ಜಿ ತೊಳೆದರೂ ಬಿಡುತ್ತಿರಲಿಲ್ಲ. ಆಂಧ್ರದ ಗಡಿಯ ಹಿಂದೂಪುರದಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಮೆಟ್ಟಿಲು ಹತ್ತಿ ಹೋದರೆ ಅವರ ಕಂಪ್ಯೂಟರ್ ಕೋಣೆ. ಹೊಸ್ತಿಲಲ್ಲಿ ಸುಣ್ಣ ಹರಡಿದ ಅಗಲವಾದ ತಟ್ಟೆ. ಬಂದವರು ಯಾರೇ ಆಗಲಿ, ಚಪ್ಪಲಿ ಬಿಟ್ಟು ಅದರಲ್ಲಿ ಎರಡೂ ಕಾಲಿಟ್ಟೇ ಒಳಗೆ ಬರಬೇಕು. ರೇಷ್ಮೆಹುಳು ಸಾಕುವ ಮನೆಗಳಲ್ಲಿ, ಹೊರಗಿನ ರೋಗ ಕಾಲಿಗಂಟಿ ಒಳಗೆ ಬಾರದಿರಲಿ ಎಂದು ಹೀಗೆ ಇಡುತ್ತಾರೆ. ಕಂಪ್ಯೂಟರಿಗೂ ಇದು ಬೇಕೇ ಎಂದು ಮೊದಲ ದಿನ ನಾನು ನಕ್ಕೆ. ಅಕ್ಕ ನಗಲಿಲ್ಲ. "ಒಳಗೆ ಜೀವ ಐತೆ ಕಣಮ್ಮ, ಕಾಲಿಟ್ಟು ಬಾ" ಅಂದರು.

ನಿಜಕ್ಕೂ ಇತ್ತು. ಕೋಣೆಯ ಮೂಲೆಯಲ್ಲಿ ಒಂದು ಮರದ ಗೂಡು, ಅದರೊಳಗೆ ಒಂದೇ ಒಂದು ತಟ್ಟೆ ಎಳೆಯ ರೇಷ್ಮೆಹುಳು. ಅದರ ಪಕ್ಕಕ್ಕೆ ಹಳೆಯ ಕಂಪ್ಯೂಟರು. ಹುಳುಗಳಿಗೆ ಬೇಕಾದ ಹಿಪ್ಪುನೇರಳೆ ಸೊಪ್ಪು ದಿನಾ ಬೆಳಿಗ್ಗೆ ಪರಿಗಿ ಬಸ್ಸಿನಲ್ಲಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿಕೊಂಡು ಬರುತ್ತಿತ್ತು. ನಾನು ಮಗ್ಗದ ಮನೆಯಲ್ಲಿ ಹುಟ್ಟಿದವಳು. ರೇಷ್ಮೆಯನ್ನು ನೂಲಾದ ಮೇಲೆಯೇ ಕಂಡವಳು. ಹುಳುವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅಲ್ಲೇ, ಅದೂ ಕಂಪ್ಯೂಟರ್ ಕೆಲಸಕ್ಕೆಂದು ಹೋಗಿ.

ಅಕ್ಕ ನನಗೆ ಒಡಹುಟ್ಟಿದವರಲ್ಲ. ಕಾಲೇಜಿನಲ್ಲಿ ನಮಗೆ ಕಂಪ್ಯೂಟರ್ ಪಾಠ ಹೇಳಿದವರು. ಆಗಲೇ ಎಲ್ಲರೂ ಅವರನ್ನು ಅಕ್ಕ ಅನ್ನುತ್ತಿದ್ದರು. ಹುಟ್ಟೂರು ಪರಿಗಿ ಕಡೆಯ ಹಳ್ಳಿ, ಹುಳು ಸಾಕುವ ಮನೆತನ. ಚಿಕ್ಕಂದಿನಲ್ಲಿ ಹುಳು ಮನೆ ತೊಳೆಯಲು ಫಾರ್ಮಾಲಿನ್ ಎಂಬ ಘಾಟು ಔಷಧಿ ಸಿಂಪಡಿಸುವ ಕೆಲಸ ಇವರ ಪಾಲಿಗೆ ಬರುತ್ತಿತ್ತಂತೆ. ಅವರು ಉಸಿರೆಳೆದಾಗ ಎದೆಯೊಳಗೆ ಸಣ್ಣಗೆ ಸಿಳ್ಳೆ ಹಾಕಿದಂತೆ ಕೇಳುತ್ತಿತ್ತು. ಪಾಠ ಹೇಳುತ್ತಾ ನಡುವೆ ನಿಲ್ಲಿಸಿ, ಮೇಜು ಹಿಡಿದುಕೊಂಡು, ಆ ಸಿಳ್ಳೆ ಅಡಗುವವರೆಗೆ ಕಾಯುತ್ತಿದ್ದರು. ನಾವೂ ಕಾಯುತ್ತಿದ್ದೆವು.

ಕಾಲೇಜಿನ ಕೆಲಸ ಬಿಟ್ಟ ಮೇಲೆ ಅವರು ಹುಳು ಮನೆಗಳಿಗೆ ಕಾವು ಮತ್ತು ತೇವ ಕಾಯುವ ಪೆಟ್ಟಿಗೆ ಮಾಡತೊಡಗಿದರು. ಮೊಟ್ಟೆಯೊಡೆದ ಮರಿಗಳನ್ನು ಮೊದಲ ಕೆಲವು ದಿನ ಸಾಕಿ ರೈತರಿಗೆ ಕೊಡುವ ಮನೆಗೆ ಚಾಕಿ ಮನೆ ಎನ್ನುತ್ತಾರೆ. ಅಲ್ಲಿ ಬಿಸಿ ಸ್ವಲ್ಪ ಏರಿದರೂ ಮರಿ ಉಳಿಯುವುದಿಲ್ಲ. ಅಕ್ಕನ ತಮ್ಮ ಕಲ್ಯಾಣದುರ್ಗದಲ್ಲಿ ಅಂಥ ಮನೆ ನಡೆಸುತ್ತಿದ್ದ. ಅಕ್ಕನ ಮೊದಲ ಪೆಟ್ಟಿಗೆ ಹೋದದ್ದು ಅಲ್ಲಿಗೇ. ಕುಂದುರ್ಪಿ ಕಡೆಯವರೆಲ್ಲ ಅವನ ಹತ್ತಿರವೇ ಮರಿ ಒಯ್ಯುತ್ತಿದ್ದರು, ಪೆಟ್ಟಿಗೆಯನ್ನಲ್ಲ, ಅಕ್ಕನನ್ನು ನಂಬಿ.

ಪೆಟ್ಟಿಗೆಯೊಳಗಿನ ಪ್ರೋಗ್ರಾಂ ಅಕ್ಕ ಮತ್ತು ನಾನು ಸೇರಿ ಬರೆದದ್ದು. ನಾವು ಬರೆದದ್ದು ಎಂದು ಹೇಳಿಕೊಳ್ಳುವುದಷ್ಟೇ. ಅದರಲ್ಲಿ ನಮ್ಮದು ಒಂದು ಹಿಡಿ. ಉಳಿದದ್ದೆಲ್ಲ ನಾವು ಮುಖ ನೋಡದವರು ಎಲ್ಲೋ ಕೂತು ಬರೆದು, ಬೇಕಾದವರು ಬಳಸಿಕೊಳ್ಳಲಿ ಎಂದು ಬಿಟ್ಟ ಪ್ಯಾಕೇಜುಗಳು. ಕಪ್ಪು ಪರದೆಯಲ್ಲಿ ಒಂದು ಸಾಲಿನ ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತಿದರೆ ಅವು ಸಾಲಾಗಿ ಇಳಿದುಬರುತ್ತವೆ. ಒಂದನ್ನು ಕರೆದರೆ ಅದು ತನ್ನ ನೆಂಟರನ್ನು ಕರೆತರುತ್ತದೆ, ಆ ನೆಂಟರು ತಮ್ಮ ನೆಂಟರನ್ನು. ನನ್ನಂಥವರು ಎಂಟರ್ ಒತ್ತಿ ಟೀ ಕುಡಿಯಲು ಏಳುತ್ತೇವೆ. ಅಕ್ಕ ಏಳುತ್ತಿರಲಿಲ್ಲ. ಬೆರಳನ್ನು ಪರದೆಯ ಮೇಲಿಟ್ಟು, ಇಳಿದ ಒಂದೊಂದು ಹೆಸರನ್ನೂ ತುಟಿಯಲ್ಲೇ ಓದುತ್ತಿದ್ದರು.

"ಬಂದೋರು ಯಾರು ಅಂತ ಕೇಳಿದ್ರೆ ಸಾಲ್ದು ಕಣಮ್ಮ. ಅವರ ಹಿಂದೆ ಯಾರು ಬಂದ್ರು, ಅದು ನೋಡು."

ಯಾವ ಪ್ಯಾಕೇಜಿನ ಯಾವ ಆವೃತ್ತಿ ಇರಬೇಕು ಎಂದು ಬಿಗಿಯಾಗಿ ಹಿಡಿದಿಡುವ ಫೈಲ್ ಒಂದಿದೆ, ಲಾಕ್ ಫೈಲ್ ಅಂತ. ಅದು ಇರುವವರೆಗೆ ಹೊಸ ಆವೃತ್ತಿ ತಾನಾಗಿ ಒಳಗೆ ಬರುವಂತಿಲ್ಲ. ಹೊಸದೊಂದು ಬಂದಿತೆಂದರೆ ಅಕ್ಕ ಅದನ್ನು ಮೊದಲು ಮೂಲೆಯ ಕಂಪ್ಯೂಟರಿಗೆ ಹಾಕಿ, ಆ ತಟ್ಟೆಯ ಕಾವನ್ನು ಅದರ ಕೈಗೆ ಕೊಡುತ್ತಿದ್ದರು. ಹುಳು ಮೈಯ ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ಆ ಜ್ವರದಿಂದ ಎದ್ದು ಮತ್ತೆ ಸೊಪ್ಪು ಕಚ್ಚಿದರೆ ಮಾತ್ರ ಹೊಸ ಆವೃತ್ತಿ ಕಲ್ಯಾಣದುರ್ಗಕ್ಕೆ. ಹೊಸ ತೋಟದ ಸೊಪ್ಪನ್ನು ಮೊದಲು ಒಂದೇ ತಟ್ಟೆಗೆ ಹಾಕಿ ನೋಡುವುದು ಅವರ ಮನೆಯ ಹಳೆಯ ಪದ್ಧತಿ. ಇದು ಅತಿಯಾಯಿತೆಂದು ನನಗೆ ಒಳಗೊಳಗೇ ಸಿಡುಕು ಬರುತ್ತಿತ್ತು.

ಕಾವನ್ನು ಅಳೆದು ಹೇಳುವ ಪ್ಯಾಕೇಜು ಒಂದಿತ್ತು, ಬಹಳ ಚಿಕ್ಕದು. ಅದನ್ನು ಮಾಡಿದವನು ಯಾವುದೋ ಚಳಿ ದೇಶದವನು. ಪ್ರತಿ ಹೊಸ ಆವೃತ್ತಿಯ ಜೊತೆ ಏನು ಬದಲಾಯಿಸಿದೆ ಎಂದು ಬರೆದು, ಕೊನೆಗೆ ತನ್ನ ನಾಯಿಯ ಸುದ್ದಿ ಒಂದು ಸಾಲು ಸೇರಿಸುತ್ತಿದ್ದ. ನಾಯಿಗೆ ವಯಸ್ಸಾಯಿತು, ಹಿಮದಲ್ಲಿ ನಡೆಯುವುದಿಲ್ಲ, ಹೀಗೆ. ಅಕ್ಕ ಅದನ್ನು ಓದಿ ನನಗೂ ಹೇಳುತ್ತಿದ್ದರು. ಒಮ್ಮೆ ಬಹಳ ಕಾಲ ಏನೂ ಬರಲಿಲ್ಲ. ಆಮೇಲೆ ಒಂದರ ಹಿಂದೊಂದು ಆವೃತ್ತಿಗಳು ಬಂದವು. ಯಾವುದರ ಜೊತೆಗೂ ಒಂದು ಮಾತಿಲ್ಲ.

"ನಾಯಿ ಸುದ್ದಿ ನಿಂತೋಯ್ತು ನೋಡು" ಅಂದರು ಅಕ್ಕ. "ಕೈ ಬದಲಾಗೈತೆ. ಬರಿಯೋನು ಬೇರೆ ಯಾರೋ."

ಹೊಸದನ್ನು ಮೂಲೆಯ ತಟ್ಟೆಗೆ ಹಾಕಿದೆವು. ಪರದೆಯ ಮೇಲೆ ಅಂಕಿ ಸರಿಯಾಗಿಯೇ ಇತ್ತು. ಮಾರನೆಯ ದಿನವೂ ಸರಿಯಾಗಿಯೇ ಇತ್ತು, ಒಂದು ಗೆರೆ ಆಚೀಚೆ ಇಲ್ಲದೆ. ಅದೇ ಅಕ್ಕನಿಗೆ ಹಿಡಿಸಲಿಲ್ಲ. ಗೂಡಿನ ಬಾಗಿಲು ತೆಗೆದು ಅಂಗೈಯ ಹಿಂಬದಿ ಒಳಗಿಟ್ಟವರು ತಟ್ಟನೆ ಹಿಂದಕ್ಕೆ ಎಳೆದುಕೊಂಡರು. ಒಳಗೆ ಧಗಧಗ ಬಿಸಿ. ಆ ಪ್ಯಾಕೇಜು ಯಾವಾಗಲೋ ಅಳೆಯುವುದನ್ನೇ ನಿಲ್ಲಿಸಿ, ಕೊನೆಯಲ್ಲಿ ಕಂಡ ಅಂಕಿಯನ್ನೇ ಹೇಳುತ್ತಾ ಕೂತಿತ್ತು. ಅದನ್ನು ನಂಬಿ ಹೀಟರ್ ಉರಿಯುತ್ತಲೇ ಇತ್ತು. ನೇಯುವವರಿಗೆ ಒಂದು ಎಳೆ ಕಡಿದರೆ ಕಣ್ಣಿಗೆ ಕಾಣುತ್ತದೆ. ಇಲ್ಲಿ ಕಡಿದದ್ದು ಕಾಣುವುದೇ ಇಲ್ಲ ಎಂದು ನನಗೆ ಆವತ್ತು ಭಯ ಹುಟ್ಟಿತು.

ಅಕ್ಕ ಆ ನಾಯಿಯವನಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. "ಇದಾನೋ, ಹೋದ್ನೋ" ಅಂದರು. ತಮ್ಮನಿಗೆ ಫೋನ್ ಮಾಡಿ, "ನಾ ಹೇಳೋವರ್ಗೂ ಏನೂ ಮುಟ್ಬೇಡ ಕಣ್ಲಾ" ಎಂದು ಹೇಳಿದರು. ಅವನು ಹೂಂ ಅಂದ.

ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವನೇ ಫೋನ್ ಮಾಡಿದ. ದನಿಯಲ್ಲಿ ಖುಷಿ ತುಳುಕುತ್ತಿತ್ತು. ಚಾಕಿ ಮನೆಯ ಕಾವನ್ನು ಮೊಬೈಲಿನಲ್ಲೇ ನೋಡುವ ಆಪ್ ಹಾಕಿಸಿದ್ದನಂತೆ. "ನೆನ್ನೆ ಆಪ್‌ನೋನು ಬಂದ್ಬುಟ್ಟಿದ್ದ ಅಕ್ಕಾ. ಮೊದ್ಲು ಆಗ್ಲೇ ಇಲ್ಲ, ಬರೀ ಕೆಂಪು. ಆಮೇಲೆ ಅದೇನೋ ಲಾಕ್ ಫೈಲ್ ಅಂತೆ, ಅದ್ನ ಅಳ್ಸಿ ಮತ್ತೆ ಹಾಕ್ದ. ಎಲ್ಲಾ ಹಸಿರಾಗೋಯ್ತು. 'ಅಂತಾ ಸೆಟ್ ಅಯಿಪೋಯಿಂದಿ ಅನ್ನಾ' ಅಂದ, ಎಲ್ಲಾ ಸರಿಹೋಯ್ತು ಅಂತ."

ಲಾಕ್ ಫೈಲ್ ಹೋದರೆ ಕೈ ಬದಲಾದ ಆ ಆವೃತ್ತಿ ಅಲ್ಲಿಗೂ ಇಳಿದಿರಬೇಕು. ಅಕ್ಕನ ಎದೆಯ ಸಿಳ್ಳೆ ನನಗೆ ಕೇಳಿಸಿತು. "ನೀ ಈಗ ಎಲ್ಲಿದೀಯಾ?" ಎಂದು ಕೇಳಿದರು.

"ಕುಂದುರ್ಪಿಗೆ ಬಂದಿವ್ನಿ. ನಾಳೆ ಮರಿ ತಗಂಡೋಗ್ರಿ ಅಂತ ಹೇಳಾಕೆ. ಮನೆಗೆ ಬೀಗ ಹಾಕಿವ್ನಿ. ಮೊಬೈಲ್ನಾಗೆ ಕಾಣ್ತೈತಲ್ಲಕ್ಕಾ, ಸರ್ಯಾಗೈತೆ."

"ಮೊಬೈಲ್ ನೋಡ್ಬೇಡ. ಹೋಗಿ ಬಾಗ್ಲು ತೆಗಿ, ಕೈ ಇಟ್ಟು ನೋಡು. ನಾನೂ ಬತ್ತೀನಿ."

ಬಸ್ಸಿನಲ್ಲಿ ಕಲ್ಯಾಣದುರ್ಗ ಬರುವವರೆಗೂ ಅಕ್ಕ ಫೋನ್ ಒತ್ತುತ್ತಲೇ ಇದ್ದರು. ಕಿಟಕಿಯಿಂದ ಒಲೆಯ ಬಾಯಿಗೆ ಮುಖವೊಡ್ಡಿದಂಥ ಗಾಳಿ. ತಮ್ಮನ ಫೋನು ಸಿಗಲಿಲ್ಲ. ನಾವು ತಲುಪುವ ಹೊತ್ತಿಗೆ ಅವನು ಬೈಕಿನಿಂದ ಇಳಿದು, ಅಂಗಳದಲ್ಲಿ ಮೊಬೈಲನ್ನು ನಮ್ಮ ಕಡೆ ಹಿಡಿದು ನಿಂತಿದ್ದ. ಅಂಕಿ ಹಸಿರಾಗಿತ್ತು. ಕೀಲಿಕೈ ಇನ್ನೊಂದು ಕೈಯಲ್ಲೇ ಇತ್ತು. ಬಾಗಿಲು ತೆಗೆಯಲು ಅವನಿಗೇ ಧೈರ್ಯ ಬಂದಿರಲಿಲ್ಲವೆಂದು ತೋರುತ್ತದೆ.

ಬೀಗ ತೆಗೆದವರು ಅಕ್ಕ. ಹೊಸ್ತಿಲ ಸುಣ್ಣದಲ್ಲಿ ಒಂದು ಕಾಲಿಟ್ಟು, ಇನ್ನೊಂದನ್ನು ಇಡದೆ ನಿಂತರು. ಬಿಸಿಯ ಹಿಂದೆಯೇ ಹುಳಿ ವಾಸನೆ ಬಂತು. ಒಳಗೆ ಹೋಗುವ ಅಗತ್ಯವೇ ಇಲ್ಲವೆಂದು ಮೂವರಿಗೂ ತಿಳಿಯಿತು. ತಟ್ಟೆಗಳು ಒಂದರ ಮೇಲೊಂದು ಸೂರಿನವರೆಗೂ ಇದ್ದವು. ಒಂದರಲ್ಲೂ ಅಲುಗಾಟವಿರಲಿಲ್ಲ. ತಮ್ಮ ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಅಕ್ಕ ಅವನನ್ನು ಬೈಯಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟು, "ಏಳು, ಎಲ್ಲಾ ಸುಡ್ಬೇಕು" ಅಂದರು.

ಮಾರನೆಯ ದಿನ ಮರಿಗಾಗಿ ಬಂದವರಿಗೆ ಅಂಗಳದಲ್ಲಿ ನಿಂತು ಅಕ್ಕನೇ ವಿಷಯ ಹೇಳಿದರು. ಕುಂದುರ್ಪಿಯ ಒಬ್ಬಾಕೆ, ಗಟ್ಟಿ ಹೆಂಗಸು, ಬುಟ್ಟಿಯನ್ನು ಕೆಳಗಿಟ್ಟು ಕೇಳಿದಳು: "ಸೊಪ್ಪು ಕೊಯ್ಯಾಕೆ ಬಂದೈತೆ. ನಿನ್ನ ಕೈಯ್ಯಾಗಿನ್ದು ಅಂತ ನಂಬಿದ್ದೆ. ಹೆಂಗಾತು ಇದು?"

"ಪೆಟ್ಟಿಗೆಯೊಳಗೆ ಕೈ ಬದಲಾಗಿತ್ತು ಕಣಮ್ಮ" ಅಂದರು ಅಕ್ಕ. "ನಂಗೆ ಗೊತ್ತಿತ್ತು. ಇವ್ನಿಗೆ ಮುಟ್ಬೇಡ ಅಂದೆ, ಯಾಕೆ ಅಂತ ಹೇಳ್ಲಿಲ್ಲ. ನಿಮಗಂತೂ ಏನೂ ಹೇಳ್ಲಿಲ್ಲ." ಆಕೆ ಅಕ್ಕನ ಮುಖವನ್ನೊಮ್ಮೆ ನೋಡಿದಳು. ಬುಟ್ಟಿ ಎತ್ತಿಕೊಂಡು ಹೋದಳು.

ತಮ್ಮ ಚಾಕಿ ಮನೆ ಮುಚ್ಚಿ, ಹೆದ್ದಾರಿಯಲ್ಲಿ ಕೊಡಿಕೊಂಡ ಎಂಬ ಊರಿನ ಚೆಕ್‌ಪೋಸ್ಟಿನ ಹತ್ತಿರ ಲಾರಿಯವರಿಗೆ ನೀರು, ಬಿಸ್ಕತ್ತು ಮಾರುವ ಅಂಗಡಿ ಇಟ್ಟ. ಮರಳಿ ಹುಳುವಿನ ಸಹವಾಸಕ್ಕೆ ಬರಲಿಲ್ಲ. ಆದರೆ ಆ ಕುಂದುರ್ಪಿಯಾಕೆ ಬಂದಳು, ಹಿಂದೂಪುರಕ್ಕೇ ಬಂದು, ಇನ್ನು ಮರಿಯನ್ನು ಮೊಟ್ಟೆಯಿಂದ ತಾನೇ ಎಬ್ಬಿಸಿ ಸಾಕುತ್ತೇನೆಂದು ಪೆಟ್ಟಿಗೆ ಕೇಳಿದಳು. ಸುಳ್ಳು ಹೇಳದವರ ಹತ್ತಿರ ವ್ಯವಹಾರ ಸುಲಭ ಎಂದಳಂತೆ. ಅಲ್ಲಿಂದಾಚೆ ಅಕ್ಕ ದೊಡ್ಡ ಪೆಟ್ಟಿಗೆಯ ಜೊತೆ ಪ್ರತಿ ಮನೆಗೂ ಒಂದೇ ತಟ್ಟೆಗಾಗುವ ಚಿಕ್ಕದೊಂದನ್ನು ಕೊಡತೊಡಗಿದರು. ಹೊಸ ಆವೃತ್ತಿ ಕಳಿಸುವಾಗ ಎಲ್ಲರ ಮೊಬೈಲಿಗೂ ಒಂದು ಸಂದೇಶ, ಎಲ್ಲರೂ ಓದಿದ್ದು ತೆಲುಗಾದ್ದರಿಂದ ತೆಲುಗು ಅಕ್ಷರದಲ್ಲಿ ಕನ್ನಡ ಮಾತು. ಏನು ಬದಲಾಯಿತು, ಯಾಕೆ ಎಂದು ನಾಲ್ಕು ಸಾಲು. ಕೊನೆಗೆ ಮನೆಯ ಸುದ್ದಿ ಒಂದು ಸಾಲು: ಹಿತ್ತಲ ಕರಿಬೇವು ಚಿಗುರೈತೆ, ಅಥವಾ ಕರಿಬೇವಿಗೆ ಹುಳ ಬಿದ್ದೈತೆ. ನಾಯಿಯವನ ಚಾಳಿ ಇವರಿಗೂ ಬಂತು ಎಂದು ನಾನು ರೇಗಿಸುತ್ತಿದ್ದೆ. "ನಾ ಇದೀನಿ ಅಂತ ಅವ್ರಿಗೆ ಗೊತ್ತಾಗ್ಲಿ ಬುಡು" ಅನ್ನುತ್ತಿದ್ದರು.

ಎದೆಯ ಸಿಳ್ಳೆ ಜಾಸ್ತಿಯಾಗುತ್ತಾ ಹೋಯಿತು. ಮೆಟ್ಟಿಲು ಹತ್ತಲು ಎರಡು ಕಡೆ ಕೂರಬೇಕಾಯಿತು. ಕೊನೆಕೊನೆಗೆ ಟೈಪ್ ಮಾಡುವವಳು ನಾನು, ಪಕ್ಕದ ಕುರ್ಚಿಯಿಂದ ಹೆಸರುಗಳನ್ನು ಓದುವವರು ಅವರು. "ಏಳ್ಬೇಡ, ನೋಡು" ಎಂಬುದಷ್ಟೇ ಮಾತು. ಆಸ್ಪತ್ರೆಗೆ ಹೊರಟ ದಿನ, "ತಟ್ಟೆಗೆ ಸೊಪ್ಪು ಹಾಕು, ಹೋಯ್ತೀನಿ" ಅಂದರು. ಮರಳಿ ಬರಲಿಲ್ಲ. ಚಟ್ಟದ ಮೇಲೆ ಮಲಗಿಸಿದಾಗ ಹಿಮ್ಮಡಿ ಬೆಳ್ಳಗೇ ಇತ್ತು. ನನಗೆ ಅನ್ನದ ದಾರಿ ಕೊಟ್ಟವರು ಅವರು. ಅದಕ್ಕಿಂತ ಹೆಚ್ಚಾಗಿ, ಹೆದರಬೇಕಾದಲ್ಲಿ ಹೆದರುವುದನ್ನು ಕಲಿಸಿದವರು. ಆ ಋಣ ತೀರುವಂಥದ್ದಲ್ಲ.

ಹೋದ ವಾರ ನಾನೊಬ್ಬಳೇ ಮಾಡಿದ ಮೊದಲ ಆವೃತ್ತಿ ಕಳಿಸಿದೆ. ಮೂಲೆಯ ತಟ್ಟೆಯ ಹುಳು ಜ್ವರದಿಂದ ಎದ್ದ ಮೇಲೆಯೇ ಕಳಿಸಿದೆ. ಏನು ಬದಲಾಯಿತೆಂದು ನಾಲ್ಕು ಸಾಲು ಬರೆದೆ. ಮನೆಯ ಸುದ್ದಿ ಬರೆಯಲು ಕೈ ಬರಲಿಲ್ಲ. ಅರ್ಧ ಗಂಟೆಯೂ ಆಗಿರಲಿಲ್ಲ, ಕುಂದುರ್ಪಿಯಾಕೆಯ ಫೋನು.

"ಏನಮ್ಮಾ, ಕರಿಬೇವಿನ ಸುದ್ದಿ ಇಲ್ಲ. ಕೈ ಬದಲಾತಾ?"

ಅಕ್ಕ ಹೋದದ್ದು ಆಕೆಗೆ ತಿಳಿದಿರಲಿಲ್ಲ. ನಾನು ಹೇಳಿದೆ. ಆ ಕಡೆ ಮೂಗು ಸೀಟಿದ ಸದ್ದು ಕೇಳಿತು. ಆಮೇಲೆ, "ಬೇಜಾರ್ ಮಾಡ್ಕಬೇಡ ತಾಯಿ. ನಿಂದು ದೊಡ್ ಪೆಟ್ಗೆಗೆ ಹಾಕಲ್ಲ ಈಗ. ಚಿಕ್ಕದ್ರಾಗೆ ಒಂದು ತಟ್ಟೆ ಮಡಗಿ ನೋಡ್ತೀನಿ. ಎದ್ರೆ ಫೋನ್ ಮಾಡ್ತೀನಿ" ಅಂದಳು.

"ಹಂಗೇ ಮಾಡ್ರಮ್ಮ" ಅಂದೆ. ಅಕ್ಕನೇ ಆ ಕಡೆಯಿಂದ ಮಾತಾಡಿದಂತಾಗಿ ಕಣ್ಣು ತುಂಬಿತು.

ಹುಳು ಜ್ವರಕ್ಕೆ ಕೂತಿದೆ ಎಂದು ಮೊನ್ನೆ ಆಕೆ ತಿಳಿಸಿದಳು. ಇಲ್ಲಿ ಮೂಲೆಯ ತಟ್ಟೆಯ ಪರದೆಯಲ್ಲಿ ಅಂಕಿ ಸರಿಯಾಗಿದೆ. ಆದರೂ ಬೆಳಗಿನಿಂದ ನಾನು ಎದ್ದೆದ್ದು ಹೋಗಿ ಒಳಗೆ ಕೈಯಿಟ್ಟು ನೋಡುತ್ತಿದ್ದೇನೆ. ಕುಂದುರ್ಪಿಯ ಹುಳು ಈ ಹೊತ್ತಿಗೆ ಏಳಬೇಕಿತ್ತು. ಫೋನು ಇನ್ನೂ ಬಂದಿಲ್ಲ.