ಕಂಡದ್ದಾ, ಕೇಳಿದ್ದಾ?

ಮಂಡ್ಯದ ನಮ್ಮ ಕಾಲೇಜಿನಲ್ಲಿ ಆಗ ಕಂಪ್ಯೂಟರ್ ಇರಲಿಲ್ಲ, ಅದರ ಪಾಠ ಮಾತ್ರ ಇತ್ತು. ಮೇಷ್ಟ್ರು ಬೋರ್ಡಿನ ಮೇಲೆ ಒಂದು ಪೆಟ್ಟಿಗೆಯ ಚಿತ್ರ ಬರೆದು, ಅದರ ಬಾಯಿಗೆ ಬೆರಳಿಟ್ಟು, "ಇದರೊಳಗೆ ಏನೇ ಹಾಕುವ ಮೊದಲೂ ವಿಚಾರಿಸಿ, ಕಂಡದ್ದಾ, ಕೇಳಿದ್ದಾ?" ಎನ್ನುತ್ತಿದ್ದರು. ಬರೀ ಕೇಳಿದ್ದಾದರೆ 'ಇನ್ನೂ ತಿಳಿದಿಲ್ಲ' ಎಂದು ಗುರುತು ಹಾಕಬೇಕು.

ಒಂದು ಬೆಳಿಗ್ಗೆ ಪಾಠದ ನಡುವೆಯೇ ಗೆಳೆಯನೊಬ್ಬ ಏದುಸಿರು ಬಿಡುತ್ತ ನನ್ನ ಬಳಿ ಬಂದ.

"ಲೇ, ಮಳವಳ್ಳಿ ಬಸ್ಸು ಮದ್ದೂರತ್ರ ನಾಲೆಗೆ ಬಿದ್ದೋಯ್ತಂತೆ ಕಣ್ಲಾ. ನಿಮ್ಮಣ್ಣ ಅದ್ರಲ್ಲೇ ಇದ್ನಂತೆ. ಓಗ್ಬುಟ್ನಂತೆ."

ಮೇಷ್ಟ್ರು ಅವನತ್ತ ತಿರುಗಿದರು. "ಕಂಡದ್ದಾ, ಕೇಳಿದ್ದಾ?"

"ಕೇಳಿದ್ದು, ಸಾ. ಬಸ್‌ಸ್ಟ್ಯಾಂಡಲ್ಲಿ ಎಲ್ರೂ ಅಂತಾವ್ರೆ."

"ಎಲ್ಲರೂ ಅಂದರೂ ಅದು ಕೇಳಿದ್ದೇ ಕಣಯ್ಯ," ಎಂದವರು ಪಾಠ ಅಲ್ಲಿಗೇ ಬಿಟ್ಟು ನನ್ನ ಜೊತೆ ಹೊರಟರು.

ಮದ್ದೂರಿನ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತರು. ಮುಂದಿನ ಸೀಟಿನವರೊಬ್ಬರು ಸತ್ತವರ ಮಾತು ತೆಗೆದಾಗ, "ಸ್ವಲ್ಪ ಸುಮ್ಮನಿರಿ, ಯಜಮಾನರೇ," ಎಂದು ಕೈಮುಗಿದರು. ನನಗೆ ಸಮಾಧಾನದ ಒಂದು ಮಾತನ್ನೂ ಹೇಳಲಿಲ್ಲ.

ಮದ್ದೂರಿನ ಆಸ್ಪತ್ರೆಯಲ್ಲಿ ಹೊದಿಸಿದ್ದ ಬಟ್ಟೆಯನ್ನು ನಾನೇ ಸರಿಸಿ ನೋಡಿದೆ. ಅಣ್ಣನೇ. ಮೇಷ್ಟ್ರು ನನ್ನ ತೋಳು ಬಿಡಲಿಲ್ಲ.

ಆ ವರ್ಷ ಅವರು ಕಲಿಸಿದ್ದರಲ್ಲಿ ಬಹಳಷ್ಟು ಮರೆತಿದ್ದೇನೆ. ಆದರೆ ಮಂಡ್ಯದಿಂದ ಮದ್ದೂರಿನವರೆಗೆ ಅಣ್ಣ ನನ್ನ ಪಾಲಿಗೆ ಬದುಕಿದ್ದ.