ನಂಬದವನನ್ನು ನಂಬಿ ಕೊಟ್ಟ ಬೀಗದಕೈ

ಬೀಗ ರಿಪೇರಿಯವನಿಗೆ ಇಲ್ಲಪ್ಪ ಅನ್ನೋ ಹೆಸರು ಬಿದ್ದದ್ದು ಅವನ ಬಾಯಿಂದಲೇ. ಹರೆಯದಲ್ಲಿ ಒಮ್ಮೆ ಬೀದಿಯ ಹಿರಿಯರೊಬ್ಬರು ಅಂಗಡಿ ಮುಂದೆ ನಿಂತು, "ಏನಯ್ಯ, ದೇವರಿಲ್ಲ ಅಂತ ಹೇಳ್ಕೊಂಡು ತಿರುಗ್ತೀಯಂತೆ, ಹೌದಾ?" ಎಂದು ಕೇಳಿದ್ದರು. ಅವನು ಅರ ಉಜ್ಜುವುದನ್ನು ನಿಲ್ಲಿಸದೆ, "ಇಲ್ಲಪ್ಪ" ಎಂದ. ಹೇಳ್ಕೊಂಡು ತಿರುಗುತ್ತಿಲ್ಲ ಅಂತಲೋ, ದೇವರೇ ಇಲ್ಲ ಅಂತಲೋ ಹಿರಿಯರಿಗೆ ತಿಳಿಯಲಿಲ್ಲ. ಮತ್ತೆ ಕೇಳಿದರು. ಮತ್ತೆ ಅದೇ ಉತ್ತರ. ಸಂಜೆಯಾಗುವಷ್ಟರಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಮೂಲೆ ಸೇರಿತ್ತು.

ಅವನ ಅಪ್ಪನೂ ಬೀಗದವನೇ, ಮಹಾ ಭಕ್ತ. ದಿನದ ಮೊದಲ ಬೀಗವನ್ನು ಕಣ್ಣಿಗೊತ್ತಿಕೊಂಡೇ ಬಿಚ್ಚುತ್ತಿದ್ದ. ಬೀದಿಯ ಕೊನೆಯ ಪ್ರಾರ್ಥನಾ ಮಂದಿರಕ್ಕೆ ಅಂಗೈಯಗಲದ ಬೀಗ ಮಾಡಿಕೊಟ್ಟಾಗ ಮಗ ಕೇಳಿದ್ದ, "ಎಲ್ಲರನ್ನೂ ಕಾಯೋನು ದೇವರು ಅಂತೀಯ. ಅವನ ಮನೆಗೇ ಯಾಕಪ್ಪ ಬೀಗ?" ಅಪ್ಪ ಆಚೀಚೆ ನೋಡಿ ಮೆಲ್ಲಗೆ, "ಬಾಯ್ಮುಚ್ಚು. ನಮ್ಮ ಹೊಟ್ಟೆಪಾಡು ಅದು" ಎಂದ. ಮಗನಿಗೆ ಅಷ್ಟು ಸಾಕಾಯಿತು. ಆಮೇಲೆ ಅವನು ಯಾರ ಜೊತೆಗೂ ದೇವರ ವಿಷಯಕ್ಕೆ ವಾದಕ್ಕಿಳಿಯಲಿಲ್ಲ. ಕೇಳಿದರೆ ಇಲ್ಲ ಅನ್ನುತ್ತಿದ್ದ, ಕೇಳದಿದ್ದರೆ ಬೀಗ ಬಿಚ್ಚುತ್ತಿದ್ದ.

ಹೆಂಡತಿ ಮಾತ್ರ ಒಂದು ಹೊತ್ತೂ ಪ್ರಾರ್ಥನೆ ತಪ್ಪಿಸಿದವಳಲ್ಲ. ಮದುವೆಯಾದ ವಾರದಲ್ಲೇ ಗಂಡನ ಕಥೆ ತಿಳಿದು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೇ ದಿನ, "ಆಯ್ತು ಬಿಡಿ, ನಿಮ್ಮ ಪಾಲಿನದನ್ನೂ ನಾನೇ ಮಾಡ್ತೀನಿ" ಅಂದಳು. ಅಂದಿನಿಂದ ಅವಳ ಪ್ರಾರ್ಥನೆ ಮಾತ್ರ ಉಳಿದವರದಕ್ಕಿಂತ ದುಪ್ಪಟ್ಟು ಹೊತ್ತು ಹಿಡಿಯುತ್ತಿತ್ತು. ಅಲ್ಲಿವರೆಗೆ ಒಲೆ ಮೇಲಿನ ಅನ್ನ ನೋಡಿಕೊಳ್ಳುವುದು ಇಲ್ಲಪ್ಪನ ಕೆಲಸ.

ಇಷ್ಟರಲ್ಲಿ ಮಂದಿರದಲ್ಲಿ ಜಗಳ ಹತ್ತಿಕೊಂಡಿತು. ಅಲ್ಲಿ ಬಾಗಿಲ ಒಳಗೆ ಬಲಗಡೆ ಒಂದು ಮರದ ಹಲಗೆ. ಅದರ ಮೇಲೆ ಮಂದಿರ ಕಟ್ಟಿಸಿದವರ ಹೆಸರು. ಮೊದಲನೆಯದು ಯಾರ ತಾತನದಿರಬೇಕು ಅನ್ನುವುದೇ ತಕರಾರು. ಬಟ್ಟೆ ಅಂಗಡಿ ಯಜಮಾನರು ತಮ್ಮ ತಾತನದು ಅಂದರು. ನಿವೃತ್ತ ಹೆಡ್‌ಮಾಸ್ಟರ್ರು ತಮ್ಮ ತಾತನದು ಅಂದರು. ತಾತಂದಿರಿಬ್ಬರೂ ಗೆಳೆಯರು, ಸಾಯುವವರೆಗೆ ಒಂದೇ ಬೆಂಚಿನ ಮೇಲೆ ಕೂತು ಹರಟೆ ಹೊಡೆದವರು. ಮೊಮ್ಮಕ್ಕಳು ಹನ್ನೊಂದು ವರ್ಷದಿಂದ ಎಣ್ಣೆ ಸೀಗೆಕಾಯಿ. ಒಂದು ದಿನ ಯಜಮಾನರ ಕಡೆಯವರು ಮಂದಿರಕ್ಕೆ ಬೀಗ ಜಡಿದರು. ಮಾರನೇ ದಿನ ಹೆಡ್‌ಮಾಸ್ಟರ್ ಕಡೆಯವರು ಅದರ ಪಕ್ಕದಲ್ಲೇ ಇನ್ನೊಂದು ಜಡಿದರು. ದೇವರು ಒಳಗೆ, ಭಕ್ತರು ಬೀದಿಯಲ್ಲಿ. ಹೀಗೆ ಒಂದು ವಾರ ಕಳೆಯಿತು.

ಕೊನೆಗೆ ಪ್ರಾರ್ಥನೆ ನಡೆಸುವ ಗುರುಗಳು ಎರಡೂ ಕಡೆಯವರನ್ನು ಕೂರಿಸಿದರು. ಹಳೇ ಬೀಗ ಎರಡನ್ನೂ ಒಡೆದು ಹೊಸದೊಂದು ಹಾಕೋಣ ಅಂದದ್ದಕ್ಕೆ ಎಲ್ಲರೂ ಒಪ್ಪಿದರು. ಬೀಗದಕೈ ಯಾರ ಹತ್ತಿರ ಇರಬೇಕು ಅನ್ನುವಲ್ಲಿ ಗಾಡಿ ನಿಂತಿತು. ಒಬ್ಬರ ಹೆಸರು ಬಂದರೆ ಅವನು ಅವರ ಕಡೆಯವನು, ಇನ್ನೊಬ್ಬರದು ಬಂದರೆ ಇವನು ಇವರ ಷಡ್ಡಕ. ದೇವರಿಗೆ ಹೆದರುವವರು ಬೀದಿ ತುಂಬ ಇದ್ದರು, ಆದರೆ ಒಬ್ಬರನ್ನು ಒಬ್ಬರು ನಂಬುವವರು ಇರಲಿಲ್ಲ. ಬೀಗ ಒಡೆಯಲೆಂದು ಬಂದ ಇಲ್ಲಪ್ಪ ಮೆಟ್ಟಿಲ ಮೇಲೆ ಕೂತಿದ್ದ. ಗುರುಗಳ ಕಣ್ಣು ಅವನ ಮೇಲೆ ಬಿತ್ತು.

"ಇವನ ಹತ್ರ ಇರಲಿ" ಅಂದರು.

ಯಜಮಾನರು ಯೋಚಿಸಿ, "ಇವನು ಯಾವ ಕಡೆಯವನೂ ಅಲ್ಲ" ಅಂದರು. "ದೇವರ ಕಡೆಯವನೂ ಅಲ್ಲ" ಎಂದರು ಹೆಡ್‌ಮಾಸ್ಟರ್ರು. ಇಬ್ಬರಿಗೂ ಸಮಾಧಾನವಾಯಿತು.

ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳು. ಬೇರೆ ಹೊತ್ತಲ್ಲಿ ಯಾರು ಕೇಳಿದರೂ ತೆಗೆಯಕೂಡದು. ಇಲ್ಲಪ್ಪ ಒಪ್ಪಿಕೊಂಡ. ಒಪ್ಪಿಕೊಂಡ ಮೇಲೆ ತಲೆ ಮೇಲೆ ತಲೆ ಬಿದ್ದರೂ ಆರಕ್ಕೆ ಬಾಗಿಲು ತೆರೆದಿರುತ್ತಿತ್ತು. ಕೀರಲು ದನಿ ಮಾಡುತ್ತಿದ್ದ ಬಾಗಿಲ ತಿರುಗಣಿಗೆ ಎಣ್ಣೆ ಬಿಟ್ಟ, ಸಡಿಲ ಚಿಲಕ ಬಿಗಿ ಮಾಡಿದ. ಜನ ಬರುವ ಮೊದಲು ಐದು ನಿಮಿಷ ಒಳಗೆ ಒಬ್ಬನೇ ನಿಲ್ಲುತ್ತಿದ್ದ. ತಂಪು ನೆಲ, ಎತ್ತರದ ಕಿಟಕಿ, ಯಾರದೂ ಸದ್ದಿಲ್ಲ. ಅವನಿಗೆ ಆ ಜಾಗ ಇಷ್ಟವಾಯಿತು. ಹೆಂಡತಿಗೆ ಹೇಳಿದ. ಅವಳ ಕಣ್ಣರಳಿತು. "ಜಾಗ ಅಂದೆ ಕಣೇ, ಅಷ್ಟೇ" ಎಂದ. "ಅಷ್ಟಾದ್ರೂ ಆಯ್ತಲ್ಲ" ಅಂದಳು. ಗುರುಗಳನ್ನೂ ಅವಳನ್ನೂ ಬಿಟ್ಟರೆ ಬೀದಿಯಲ್ಲಿ ದಿನಕ್ಕೆರಡು ಸಲ ಒಂದೂ ದಿನ ತಪ್ಪದೆ ಮಂದಿರಕ್ಕೆ ಹೋಗುವವನು ಈಗ ಅವನೊಬ್ಬನೇ.

ಮೂರು ತಿಂಗಳು ಹೀಗೆ ನಡೆಯಿತು. ಒಂದು ಮಧ್ಯಾಹ್ನ ಬಟ್ಟೆ ಅಂಗಡಿ ಯಜಮಾನರು ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂತರು. ಹಿಂದೆ ಒಬ್ಬ ಪೇಂಟರ್, ಕೈಯಲ್ಲಿ ಬಣ್ಣದ ಡಬ್ಬಿ.

"ಹತ್ತು ನಿಮಿಷ ಬಾಗಿಲು ತೆಗಿ. ಹಲಗೆ ಮೇಲಿನ ಬರೀ ಎರಡು ಸಾಲು, ಮೇಲಿಂದು ಕೆಳಗೆ, ಕೆಳಗಿಂದು ಮೇಲೆ."

"ಐದು ಗಂಟೆಗೆ ತೆಗೀತೀನಿ ಯಜಮಾನ್ರೆ."

"ಐದಕ್ಕೆ ಜನ ಇರ್ತಾರೆ. ಈಗ ತೆಗೆದ್ರೆ ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ."

ಯಜಮಾನರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಅಲ್ಲಯ್ಯ, ಮೇಲೆ ನೋಡೋನು ಯಾರೂ ಇಲ್ಲ ಅಂತ ನೀನೇ ಹೇಳ್ತೀಯ. ಮತ್ತೆ ಯಾರ ಭಯ ನಿಂಗೆ?"

"ಭಯ ಏನಿಲ್ಲ. ಮಾತು ಕೊಟ್ಟಿದೀನಿ."

"ದೇವರ ಹತ್ರ ನಾನು ಮಾತಾಡ್ಕೋತೀನಿ. ಅವನು ದಯಾಮಯ, ಕ್ಷಮಿಸ್ತಾನೆ. ನಿನ್ನಂಥವರದ್ದೇ ಕಷ್ಟ ನೋಡು."

ಬಣ್ಣದ ಡಬ್ಬಿ ಬಂದ ದಾರಿಯಲ್ಲೇ ವಾಪಸ್ ಹೋಯಿತು. ಎರಡು ದಿನ ಬಿಟ್ಟು ಅದೇ ಹೊತ್ತಿಗೆ, ಅದೇ ಸ್ಟೂಲಿನ ಮೇಲೆ ಹೆಡ್‌ಮಾಸ್ಟರ್ರು. ಅವರ ಮಡಿಸಿದ ಕೊಡೆಯೊಳಗಿಂದ ಸ್ಕ್ರೂಡ್ರೈವರಿನ ಹಿಡಿ ಇಣುಕುತ್ತಿತ್ತು. ಅವರು ಬೇರೆ ಕಡೆಯಿಂದ ಹಿಡಿದರು. "ನೀನು ವಿಚಾರವಂತ. ಈ ಮೂಢರ ನಡುವೆ ನನ್ನ ಮಾತು ಅರ್ಥ ಆಗೋದು ನಿನಗೊಬ್ಬನಿಗೇ. ಆ ಹಲಗೆ ಸುಳ್ಳು ಹೇಳ್ತಿದೆ, ನಮ್ಮ ತಾತನ ಕೆಳಗೂ ಆ ಯಜಮಾನರ ತಾತನ ಹೆಸರು ಇರಕೂಡದು. ಸತ್ಯಕ್ಕೋಸ್ಕರ ಹತ್ತು ನಿಮಿಷ ಬಾಗಿಲು ತೆಗೆದ್ರೆ ತಪ್ಪೇನು?"

"ಸತ್ಯಾನ ಐದು ಗಂಟೆಗೆ ಎಲ್ಲರ ಮುಂದೆ ಹೇಳಿ ಮೇಷ್ಟ್ರೇ. ಬಾಗಿಲು ತೆರೆದಿರುತ್ತೆ."

ಮೇಷ್ಟ್ರ ಮುಖ ಕಪ್ಪಿಟ್ಟಿತು. ಇಡೀ ವೃತ್ತಿಯಲ್ಲಿ ಅವರನ್ನು ಯಾರೂ ಇಷ್ಟು ಮರ್ಯಾದೆಯಿಂದ ಗದರಿಸಿರಲಿಲ್ಲ.

ಅದೇ ವಾರ ಬೀದಿಯಲ್ಲಿ ಗುಸುಗುಸು ಎದ್ದಿತು. ನಂಬಿಕೆ ಇಲ್ಲದವನಿಗೆ ಬೆಳಗಾಗೆದ್ದು ಮಂದಿರದೊಳಗೆ ಒಬ್ಬನೇ ಏನು ಕೆಲಸ? ಬಟ್ಟೆ ಅಂಗಡಿಯಲ್ಲಿ ಹುಟ್ಟಿದ ಮಾತೋ, ಹೆಡ್‌ಮಾಸ್ಟರ ಜಗಲಿಯಲ್ಲಿ ಹುಟ್ಟಿದ್ದೋ, ಹೇಳುವುದು ಕಷ್ಟ. ಎರಡೂ ಕಡೆಯಿಂದ ಒಂದೇ ಸಲ ಹೊಗೆ ಬಂತು. ಸಭೆ ಸೇರಿತು. ಇಬ್ಬರೂ ಒಟ್ಟಿಗೇ ಎದ್ದರು, "ಬೀಗದಕೈ ನಾಸ್ತಿಕನ ಹತ್ರ ಇರೋದು ನಮಗೇ ಅವಮಾನ" ಎಂದು ಒಟ್ಟಿಗೇ ಹೇಳಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನ್ನೊಂದು ವರ್ಷದಲ್ಲಿ ಇಬ್ಬರ ಬಾಯಲ್ಲೂ ಒಂದೇ ಮಾತು ಬಂದದ್ದು ಅದೇ ಮೊದಲು. ಗುರುಗಳಿಗೆ ಕಣ್ಣೀರು ಬಂತು. ಅಲ್ಲೇ ರಾಜಿಯಾಯಿತು. ಹಳೇ ಹಲಗೆ ಕಿತ್ತು, ಹೆಸರುಗಳನ್ನು ಗುಂಡಗೆ ಬರೆಸುವುದು, ಆಗ ಮೊದಲೂ ಇಲ್ಲ ಕೊನೆಯೂ ಇಲ್ಲ. ಬೀಗದಕೈ ಒಂದು ವಾರ ಅವರ ಹತ್ತಿರ, ಒಂದು ವಾರ ಇವರ ಹತ್ತಿರ.

ಇಲ್ಲಪ್ಪ ಬೀಗದಕೈಯನ್ನು ಗುರುಗಳ ಕೈಗಿಟ್ಟ. ಅವರು ತಲೆ ಎತ್ತಲಿಲ್ಲ. "ಒಳ್ಳೇದಕ್ಕೇ ಆಯ್ತಪ್ಪ, ನಿನ್ನಿಂದ ಇಬ್ಬರೂ ಒಂದಾದ್ರು" ಅಂದರು. ಮನೆಗೆ ಬಂದು ಊಟಕ್ಕೆ ಕೂತ ಇಲ್ಲಪ್ಪ ಅರ್ಧಕ್ಕೇ ಕೈ ತೊಳೆದ. ಕೆಲಸ ಹೋದದ್ದಕ್ಕಲ್ಲ, ಅದೇನು ಅವನ ಕೆಲಸವೇ ಅಲ್ಲ. ಮೂರು ತಿಂಗಳಲ್ಲಿ ಒಂದು ದಿನ ತಪ್ಪಿಸದವನನ್ನು ಕುರಿತು ಬೀದಿ ಅಂಥ ಮಾತಾಡಿತಲ್ಲ ಎಂದು. ಮರುದಿನ ಹೆಂಡತಿ ಮಂದಿರಕ್ಕೆ ಹೊರಡಲಿಲ್ಲ, ಅದರ ಮರುದಿನವೂ ಇಲ್ಲ. ಅವನೇ ಕೇಳಿದ, "ಯಾಕೆ, ದೇವರ ಮೇಲೆ ಸಿಟ್ಟಾ?"

"ಅವನೇನು ಮಾಡಿದ ಪಾಪ? ಅವನ ಮನೆಗೆ ಬರೋರ ಮೇಲೆ ಸಿಟ್ಟು" ಎಂದು ಅಡುಗೆಮನೆಯ ಮೂಲೆಯಲ್ಲೇ ಕೂತು ಇಬ್ಬರ ಪಾಲಿನದನ್ನೂ ಮುಗಿಸಿದಳು.

ಗುಂಡನೆಯ ಹಲಗೆ ಬಂತು. ಗುಂಡಗಿದ್ದರೂ ಅದಕ್ಕೊಂದು ನೆತ್ತಿ ಇರುತ್ತದೆ, ನೆತ್ತಿಯಲ್ಲಿ ಯಾರ ತಾತ ಅನ್ನುವ ಮಾತು ಹಲಗೆ ಗೋಡೆಗೇರುವ ಮೊದಲೇ ಎದ್ದಿತು. ಆ ರಗಳೆಯಲ್ಲಿ ಬೀಗದ ಕಡೆ ಯಾರಿಗೂ ಗಮನವಿಲ್ಲ. ಒಂದು ದಿನ ಆರೂವರೆಯಾದರೂ ಬಾಗಿಲು ತೆರೆಯಲಿಲ್ಲ. ಬೀದಿಯ ಅರ್ಧ ಮಕ್ಕಳ ಹೆರಿಗೆ ಮಾಡಿಸಿದ್ದ ಸೂಲಗಿತ್ತಿ ಅಜ್ಜಿ ಮೆಟ್ಟಿಲ ಬಳಿ ಕಾದು ಕಾದು, ಮಂಡಿನೋವು ತಡೆಯದೆ ಇಲ್ಲಪ್ಪನ ಅಂಗಡಿಗೆ ಬಂದಳು.

"ಒಂದು ತಂತಿ ಇದ್ರೆ ಎಂಥ ಬೀಗ ಆದ್ರೂ ತೆಗೀತೀಯಂತೆ. ಬಂದು ತೆಗಿ ಮಗ."

"ತೆಗೀಬಹುದು ಅಜ್ಜಿ. ಆದ್ರೆ ಬೇರೆಯವರ ಬೀಗ, ಹೇಳದೆ ಕೇಳದೆ ಮುಟ್ಟೋ ಹಾಗಿಲ್ಲ."

"ಮತ್ತೆ ನಾನೇನು ಮಾಡ್ಲಿ?"

ಅವನು ಸ್ಟೂಲು ಒರೆಸಿ ಇಟ್ಟ. ಅಜ್ಜಿ ಕೂತಳು, ಗೋಡೆ ತುಂಬ ಮೊಳೆಗೆ ನೇತುಬಿದ್ದ ಬೀಗದಕೈಗಳಿಗೆ ಎದುರಾಗಿ ಕಣ್ಣು ಮುಚ್ಚಿದಳು. ಇಲ್ಲಪ್ಪ ಅರ ಕೆಳಗಿಟ್ಟು, ಸದ್ದಾಗದಂತೆ ಸ್ಕ್ರೂಗಳನ್ನು ಆರಿಸುತ್ತಾ ಕೂತ. ಕಾಲು ಗಂಟೆ ಬಿಟ್ಟು ಅವಳು ಕಣ್ಣು ತೆರೆದಳು.

"ನಿನಗೂ ಕೇಳ್ಕೊಂಡೆ."

"ಏನಂತ?"

"ಕಣ್ಣು ಚೆನ್ನಾಗಿಟ್ಟಿರಲಿ ಅಂತ. ಕಣ್ಣು ಮಂಜಾದ್ರೆ ಈ ಸಣ್ಣ ಕೆಲಸ ಹೇಗೆ ಮಾಡ್ತೀಯ."

"ಒಳ್ಳೇದಾಯ್ತು ಅಜ್ಜಿ" ಅಂದ.

ಅಷ್ಟರಲ್ಲಿ ಯಜಮಾನರು ಬೀಗದಕೈ ಗೊಂಚಲು ಆಡಿಸುತ್ತಾ ಬಂದವರು ಅಜ್ಜಿಯನ್ನು ಕಂಡು ನಿಂತರು. "ಏನಜ್ಜಿ, ಹೋಗಿ ಹೋಗಿ ಇವನ ಅಂಗಡಿಯಲ್ಲಾ ಪ್ರಾರ್ಥನೆ?"

"ಬಾಗಿಲು ತೆರೆದಿತ್ತು ಮಗ, ಬಂದೆ" ಅಂದಳು ಅಜ್ಜಿ. ಅವಳದು ಆ ಹೊತ್ತಿಗೆ ಮುಗಿದಿತ್ತಾದ್ದರಿಂದ ಮಂದಿರದ ಕಡೆ ತಿರುಗಲಿಲ್ಲ. ಅವಳ ಮನೆ ದಾರಿಯಲ್ಲಿ ಚರಂಡಿ ಅಗೆದು ಹಾಕಿದ್ದರು. ಇಲ್ಲಪ್ಪ ಅಂಗಡಿ ಹಾಗೇ ಬಿಟ್ಟು, ಅವಳ ಮೊಣಕೈ ಹಿಡಿದು ತಿರುವಿನವರೆಗೆ ದಾಟಿಸಿ ಬಂದ.